ಮೊಲವನ್ನು ಉಪವಾಸ ಕೆಡವಿದ್ದು

ಹಸುವಿನ ಹೊಟ್ಟೆ ಉಬ್ಬಿದರೆ ನಮ್ಮೂರಿನವರು ಮೊದಲು ನನ್ನನ್ನು ಕರೆಯುತ್ತಾರೆ, ಆಮೇಲೆ ಡಾಕ್ಟರಿಗೆ ಫೋನು ಮಾಡುತ್ತಾರೆ. ಇದನ್ನು ಹೆಚ್ಚುಗಾರಿಕೆಗೆ ಬರೆಯುತ್ತಿಲ್ಲ. ನಾನು ಮಾಡಿದ ತಪ್ಪು ಎಲ್ಲಿಂದ ಶುರುವಾಯಿತು ಎಂದು ಹುಡುಕುತ್ತಾ ಹೋದರೆ ಇಲ್ಲಿಗೇ ಬಂದು ನಿಲ್ಲುತ್ತೇನೆ.

ಮದ್ದೂರು ತಾಲ್ಲೂಕಿನ ಕೊಪ್ಪದಿಂದ ಸ್ವಲ್ಪ ಒಳಗಿರುವ ಊರು ನಮ್ಮದು. ಅಪ್ಪ ನನಗೆ ಕಲಿಸಿದ ವಿದ್ಯೆ ಒಂದೇ. ಹಸುವಿನ ಎಡಪಕ್ಕೆಯಲ್ಲಿ, ಸೊಂಟದ ಮೂಳೆಯ ಮುಂದಿರುವ ಗುಳಿಗೆ ಕಿವಿಯಿಟ್ಟು ಕೇಳುವುದು. ಚೆನ್ನಾಗಿರುವ ಹಸುವಿನ ಹೊಟ್ಟೆಯೊಳಗೆ, ಪಕ್ಕದ ಮನೆಯಲ್ಲಿ ಯಾರೋ ರಾಗಿ ಬೀಸುತ್ತಿರುವ ಹಾಗೆ ಒಂದು ಸದ್ದು ಬರುತ್ತದೆ, ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತದೆ. ಆ ಸದ್ದು ಸಣ್ಣದಾಗಿದ್ದರೆ ಗೋದಲಿಯ ಮೇವನ್ನೆಲ್ಲಾ ತೆಗೆದುಬಿಡಬೇಕು. ಓಮದ ನೀರು ಕುಡಿಸಿ ಒಂದು ದಿನ ಉಪವಾಸ ಕೆಡವಬೇಕು. ತಿಂದದ್ದು ಕರಗಿ ಹೊಟ್ಟೆ ಹಗುರಾಗುತ್ತದೆ. ಅವತ್ತು ಸಂಜೆಯೋ ಮಾರನೆಯ ಬೆಳಿಗ್ಗೆಯೋ ಹಸು ತಾನಾಗಿ ಮೆಲುಕು ಹಾಕಲು ಶುರು ಮಾಡುತ್ತದೆ. ಮೆಲುಕು ಬಂತೆಂದರೆ ಗೆದ್ದ ಹಾಗೆ. ಆ ಮನೆಯವರು ಕಾಫಿ ಕೊಡುತ್ತಾರೆ. ನಾನು ಸೆರಗಿನಲ್ಲಿ ಕಿವಿ ಒರೆಸಿಕೊಂಡು ಮನೆಗೆ ಬರುತ್ತೇನೆ.

ಓದಿದ್ದು ಆರನೇ ಕ್ಲಾಸು. ಆ ವರ್ಷ ಅವ್ವ ತೀರಿಕೊಂಡಳು. ತಂಗಿಗೆ ಆಗ ನಾಲ್ಕು ವರ್ಷ. ಎರಡು ಹಸುಗಳ ಜೊತೆಗೆ ಅವಳೂ ನನ್ನ ಕೈಗೆ ಬಂದಳು. ಹಸುಗಳಿಗೆ ಹುಲ್ಲು ಹಾಕಿ, ಅವಳಿಗೆ ಜಡೆ ಹಾಕಿ, ಅವಳನ್ನು ಶಾಲೆಗೆ ಕಳಿಸಿ, ಹಾಲನ್ನು ಡೈರಿಗೆ ಕೊಂಡುಹೋಗುತ್ತಿದ್ದೆ. ಮದುವೆಯಾದ ಮೇಲೂ ನಾನು ಅದೇ ಮನೆಯಲ್ಲಿ ಉಳಿದೆ. ನನ್ನ ಗಂಡ ಲಾರಿ ಓಡಿಸುವವರು, ವಾರಕ್ಕೊಮ್ಮೆ ಬರುತ್ತಾರೆ. ಅಪ್ಪ ನಮ್ಮ ಜೊತೆಗೇ ಇದ್ದಾನೆ.

ತಂಗಿ ಓದಿದಳು. ಬಿ.ಎಡ್. ಮಾಡಿ ಮಂಡ್ಯದ ಒಂದು ಖಾಸಗಿ ಶಾಲೆಯಲ್ಲಿ ಟೀಚರಾದಳು. ಅವಳ ಓದಿನ ಬಗ್ಗೆ ನನಗಿರುವ ಹೆಮ್ಮೆ ಊರಿಗೆಲ್ಲಾ ಗೊತ್ತು. ಊರಿಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಅವಳು ನನಗೆ ಏನಾದರೂ ಹೇಳಿಕೊಡಲು ಬಂದರೆ ನನ್ನೊಳಗೆ ಏನೋ ಸೆಟೆದು ನಿಲ್ಲುತ್ತದೆ. ನಾನು ಮೂಗು ಒರೆಸಿ ಬೆಳೆಸಿದವಳು ನನಗೇ ಪಾಠ ಹೇಳುವುದೇ ಎಂದು. ಅವಳು ಯಾವತ್ತೂ ಹಾಗೆ ಅಂದುಕೊಂಡು ಹೇಳಿದವಳಲ್ಲ. ಅದು ನನ್ನ ಮನಸ್ಸಿನ ಕೊಳೆ.

ಮೊಲವನ್ನು ಅವಳು ಮಳವಳ್ಳಿ ಕಡೆಯಿಂದ ತಂದಿದ್ದಳು. ಜೊತೆಯ ಟೀಚರೊಬ್ಬರ ಮದುವೆಗೆ ಹೋದಾಗ, ಅಲ್ಲಿ ಯಾರೋ ಮಾಂಸಕ್ಕೆಂದು ಮೊಲ ಸಾಕುತ್ತಿದ್ದರಂತೆ. ಬೋನಿನ ಮೂಲೆಯಲ್ಲಿ ಒಂದು ಕಿವಿ ಹರಿದ ಬೂದು ಬಣ್ಣದ ಮರಿಯೊಂದು ಕೂತಿತ್ತಂತೆ. ರೇಷ್ಮೆ ಸೀರೆಯ ಮಡಿಲಲ್ಲೇ ಇಟ್ಟುಕೊಂಡು ಬಸ್ಸಿನಲ್ಲಿ ಬಂದಳು. ಅದಕ್ಕೊಂದು ಹೆಸರನ್ನೂ ಇಟ್ಟಳು. ಆ ಹೆಸರನ್ನು ಇಲ್ಲಿ ಬರೆಯಲು ನನಗೆ ಕೈ ಬರುವುದಿಲ್ಲ.

ಮಂಡ್ಯದಲ್ಲಿ ಅವಳದು ಒಂದೇ ಕೋಣೆಯ ಬಾಡಿಗೆ ಮನೆ. ಶಾಲೆಯಿಂದ ಬಂದು ಮಕ್ಕಳ ನೋಟ್‌ಬುಕ್ಕು ತಿದ್ದಲು ಕೂತರೆ ಅದು ಅವಳ ಪಾದದ ಮೇಲೆ ಬಂದು ಕೂರುತ್ತಿತ್ತು. ಮೂರು ವರ್ಷ ಹಾಗೇ ಕೂತಿತು. ಮೊದಲ ಸಲ ನೋಡಲು ಹೋದಾಗ ನಾನು ನಕ್ಕಿದ್ದೆ.

"ಏನೇ ಇದು, ವತ್ತಿಗೆ ಎಷ್ಟು ಲೀಟ್ರು ಕೊಡ್ತದೆ?"

"ಹಾಲು ಕೊಡಲ್ಲ, ನಿನ್ನಂಗೆ ಮಾತೂ ಆಡಲ್ಲ. ಅದಕ್ಕೇ ಸಾಕಿರೋದು ಕಣಕ್ಕ," ಅಂದಿದ್ದಳು.

ಸರ್ಕಾರಿ ಟೀಚರ್ ಕೆಲಸದ ಪರೀಕ್ಷೆಯನ್ನು ಅವಳು ಎರಡು ಸಲ ಬರೆದು ಸ್ವಲ್ಪ ಮಾರ್ಕಿನಲ್ಲಿ ಸೋತಿದ್ದಳು. ಹೋದ ವರ್ಷ ಮೂರನೆಯ ಸಲ. ಬೆಂಗಳೂರಿನಲ್ಲಿ ಎರಡು ದಿನ ಪರೀಕ್ಷೆ. ಹಿಂದಿನ ದಿನವೇ ಹೋಗಿ ಗೆಳತಿಯ ಮನೆಯಲ್ಲಿ ಇಳಿದುಕೊಳ್ಳಬೇಕಿತ್ತು. ಮೊಲವನ್ನು ನಮ್ಮ ಮನೆಗೆ ತಂದು ಬಿಟ್ಟಳು. ಜೊತೆಗೆ ಒಂದು ಚೀಲ ಒಣಹುಲ್ಲು, ಒಂದು ಕಟ್ಟು ಕೊತ್ತಂಬರಿ ಸೊಪ್ಪು, ಒಂದು ಹಾಳೆ.

ಆ ಹಾಳೆಯಲ್ಲಿ ದಪ್ಪ ದಪ್ಪ ಅಕ್ಷರದಲ್ಲಿ ಬರೆದಿದ್ದಳು. ನನಗೆ ಓದಲು ಸುಲಭವಾಗಲಿ ಎಂದು, ಒಂದನೇ ಕ್ಲಾಸಿನ ಮಕ್ಕಳಿಗೆ ಬೋರ್ಡಿನ ಮೇಲೆ ಬರೆಯುವ ಹಾಗೆ. ಒಣಹುಲ್ಲು ಯಾವಾಗಲೂ ಮುಂದೆ ಇರಬೇಕು. ಬೂಸ, ಹಿಂಡಿ, ಅನ್ನ, ಬೆಲ್ಲ, ಬಿಸ್ಕತ್ತು ಕೊಡಬಾರದು. ಬೆಳಿಗ್ಗೆಯಿಂದ ಸಂಜೆಯವರೆಗೆ ತಿನ್ನದೇ ಇದ್ದರೆ, ಹಿಕ್ಕೆ ಹಾಕದೇ ಇದ್ದರೆ, ಕಾಯಬಾರದು, ಮಂಡ್ಯದ ಡಾಕ್ಟರ ಹತ್ತಿರ ಹೋಗಬೇಕು. ಕೊನೆಯಲ್ಲಿ ಡಾಕ್ಟರ ಫೋನು, ಇಳಿಯಬೇಕಾದ ಸ್ಟಾಪು.

"ದನ ಕರ ಸಾಕ್ದೋಳ್ಗೆ ಮೊಲ ಸಾಕೋದ ಬರ್ಕೊಟ್ಟೋಯ್ತಿದ್ದೀಯ," ಅಂದೆ.

"ಅದರ ಹೊಟ್ಟೆ ಬೇರೆ ಥರ ಕಣಕ್ಕ. ನಂಗೋಸ್ಕರ ಓದ್ಬುಡು, ಅಷ್ಟೆ."

ನಾನು ಆ ಹಾಳೆಯನ್ನು ಓದಲಿಲ್ಲ ಎಂದು ಇದನ್ನು ಓದುವವರು ಅಂದುಕೊಳ್ಳಬಹುದು. ಅಷ್ಟು ಓದಿದವಳಲ್ಲ ಪಾಪ, ಎನ್ನಬಹುದು. ಅದು ಸುಳ್ಳು. ನಾನು ಆ ಹಾಳೆಯನ್ನು ಎರಡು ಸಲ ಓದಿದೆ. ಒಂದಕ್ಷರವೂ ಬಿಡದೆ ಅರ್ಥವಾಯಿತು. ಮಡಿಸಿ ಅಕ್ಕಿ ಡ್ರಮ್ಮಿನ ಮುಚ್ಚಳದ ಮೇಲಿಟ್ಟೆ.

ಮಾರನೆಯ ಬೆಳಿಗ್ಗೆ ಅವಳು ಮದ್ದೂರಿಗೆ ಹೋಗಿ ರೈಲು ಹತ್ತಿದಳು. ನಾನು ಹಸುಗಳಿಗೆ ಬೂಸ ಕಲೆಸುತ್ತಿದ್ದೆ. ಮೊಲ ಕುಪ್ಪಳಿಸಿಕೊಂಡು ಕೊಟ್ಟಿಗೆಯ ಬಾಗಿಲವರೆಗೂ ಬಂತು. ಹಿಂಗಾಲಿನ ಮೇಲೆ ನಿಂತು ಬಕೆಟ್ಟಿನ ಅಂಚಿಗೆ ಮೂತಿಯಿಟ್ಟು ಮೂಸಿತು. ಮೂರು ವರ್ಷದಿಂದ ಬರೀ ಒಣಹುಲ್ಲು ತಿಂದ ಜೀವ. ಹಾಲು ಕರೆಯುವ ನಮ್ಮ ಹಸುಗಳಿಗೂ ನಾವು ಹಾಗೆ ಮಾಡುವುದಿಲ್ಲ. ಒಂದು ಹಿಡಿ ಬೂಸವನ್ನು ಅಂಗೈಯಲ್ಲಿ ಹಿಡಿದೆ. ಮೂತಿಯೆಲ್ಲಾ ಹಿಟ್ಟು ಮಾಡಿಕೊಂಡು ತಿಂದಿತು. ಅಂಗೈಯನ್ನು ನೆಕ್ಕಿತು. ಅದರ ನಾಲಿಗೆ ಅಷ್ಟು ಬೆಚ್ಚಗೆ, ಅಷ್ಟು ಚಿಕ್ಕದಾಗಿತ್ತು. ನನಗೆ ಸಂತೋಷವಾಯಿತು. ಸಂತೋಷದ ಜೊತೆಗೆ, ನೋಡಿದೆಯಾ ಮೇಡಮ್ಮು, ನಿನಗಿಂತ ನನಗೇ ಗೊತ್ತು ಇದಕ್ಕೇನು ಬೇಕೆಂದು, ಅನ್ನುವ ಒಂದು ಗೆಲುವೂ ಇತ್ತು. ಇನ್ನೊಂದು ಹಿಡಿ ಕೊಟ್ಟೆ. ಸಂಜೆ ಹಿಂಡಿ ಬೆರೆಸಿ ಮತ್ತೆ ಎರಡು ಹಿಡಿ ಕೊಟ್ಟೆ.

ಮೊದಲ ಪರೀಕ್ಷೆಯ ದಿನ ಬೆಳಿಗ್ಗೆ ಅದು ಬಕೆಟ್ಟಿನ ಹತ್ತಿರ ಬರಲಿಲ್ಲ. ಅಕ್ಕಿ ಡ್ರಮ್ಮಿಗೂ ಗೋಡೆಗೂ ನಡುವಿನ ಸಂದಿಯಲ್ಲಿ, ಬೆನ್ನು ಗೂನು ಮಾಡಿಕೊಂಡು, ನಾಲ್ಕು ಕಾಲನ್ನೂ ಅಡಿಗೆಳೆದುಕೊಂಡು ಕೂತಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಹುಲ್ಲು ಇಟ್ಟ ಹಾಗೇ ಇತ್ತು. ಕೊತ್ತಂಬರಿಯನ್ನು ಮೂತಿಗೆ ಹಿಡಿದರೆ ಮುಖ ತಿರುಗಿಸಿತು. ಕೆಳಗೆ ನೋಡಿದರೆ ಸಾಸಿವೆಯಷ್ಟು ಸಣ್ಣ ನಾಲ್ಕೈದು ಹಿಕ್ಕೆ. ಮಾಮೂಲಿಯಾಗಿ ಅದು ಕಡಲೆಕಾಳಿನ ಗಾತ್ರದ್ದನ್ನು ಮನೆ ತುಂಬಾ ಹಾಕುತ್ತಿತ್ತು.

ಬೂಸ ಜಾಸ್ತಿಯಾಯಿತು ಎಂದು ತಕ್ಷಣ ಗೊತ್ತಾಯಿತು. ಹಸುವಾಗಿದ್ದರೆ ಏನು ಮಾಡುತ್ತಿದ್ದೆನೋ ಅದನ್ನೇ ಮಾಡಿದೆ. ಹುಲ್ಲನ್ನೆಲ್ಲಾ ಬಾಚಿ ತೆಗೆದು ಚೀಲಕ್ಕೆ ತುಂಬಿದೆ. ಓಮ ಕುದಿಸಿದ ನೀರನ್ನು ಆರಿಸಿ ಚಮಚದಲ್ಲಿ ಕುಡಿಸಿದೆ. ಅರ್ಧ ಒಳಗೆ ಹೋಯಿತು, ಅರ್ಧ ಎದೆಯ ಮೇಲೆ ಚೆಲ್ಲಿತು.

ಆಗ ಒಂದು ಸದ್ದು ಕೇಳಿಸಿತು. ಹತ್ತಿರ ಬಗ್ಗಿದೆ. ಅದರ ಬಾಯೊಳಗೆ ಹಲ್ಲಿಗೆ ಹಲ್ಲು ಉಜ್ಜುವ ಸಣ್ಣ ಸದ್ದು. ಬಿಟ್ಟು ಬಿಟ್ಟು ಬರುತ್ತಿತ್ತು. ದವಡೆ ಆಡುತ್ತಿತ್ತು. ನನ್ನ ಜೀವಕ್ಕೆ ಜೀವ ಬಂತು.

"ಮೆಲುಕಾಕ್ತಾ ಅದೆ ಕಣಪ್ಪ," ಎಂದು ಜಗಲಿಯಲ್ಲಿದ್ದ ಅಪ್ಪನಿಗೆ ಕೂಗಿ ಹೇಳಿದೆ. "ಸರೋಯ್ತದೆ."

ಮಧ್ಯಾಹ್ನ ತಂಗಿಯ ಫೋನು ಬಂತು. ಆಗತಾನೆ ಪರೀಕ್ಷೆ ಮುಗಿಸಿ ಹೊರಗೆ ಬಂದಿದ್ದಳು. ಪೇಪರು ಹೇಗಿತ್ತು ಎಂದು ನಾನು ಕೇಳುವ ಮೊದಲೇ ಕೇಳಿದಳು.

"ಅಕ್ಕ, ತಿಂತಾ?"

"ತಿಂತು ಕಣೆ. ಬಕಾಸುರ ಆಗ್ಬುಟ್ಟದೆ ನಮ್ಮನೇಗೆ ಬಂದು."

"ಹಿಕ್ಕೆ ಹಾಕ್ತಾ ಅದ್ಯಾ?"

"ಅದ್ನೂ ಎಣಿಸಿ ಏಳ್ಬೇಕೇನೆ ನಿಂಗೆ? ಗುಡಿಸಿ ಗುಡಿಸಿ ನನ್ನ ಸೊಂಟ ಬಿದ್ದೋಯ್ತು."

ಅವಳು ಜೋರಾಗಿ ನಕ್ಕಳು. ನಿರಾಳವಾಗಿ, ಹಿಂದೆ ಚಿಕ್ಕವಳಿದ್ದಾಗ ನಗುತ್ತಿದ್ದ ಹಾಗೆ. "ಥ್ಯಾಂಕ್ಸ್ ಕಣಕ್ಕ. ನೀನಿಲ್ದೆ ಹೋಗಿದ್ರೆ ನಂಗೆ ಪರೀಕ್ಷೆ ಬರಿಯಕ್ಕೇ ಆಯ್ತಿರ್ನಿಲ್ಲ," ಅಂದಳು.

ಪರೀಕ್ಷೆಗೆ ತೊಂದರೆಯಾಗಬಾರದು ಎಂದು ನಾನು ಬಾಯಿ ಬಿಡಲಿಲ್ಲ ಎಂದೇ ಆಮೇಲೆ ಎಲ್ಲರೂ ತಿಳಿದರು. ನಾನೂ ಹಾಗೇ ಹೇಳಿಕೊಂಡು ತಿರುಗಿದೆ. ಆದರೆ ಆ ಹೊತ್ತಿನಲ್ಲಿ ಪರೀಕ್ಷೆ ನನ್ನ ತಲೆಯಲ್ಲೇ ಇರಲಿಲ್ಲ. ಇದ್ದದ್ದು ಬೂಸ. ಅವಳು ದಪ್ಪಕ್ಷರದಲ್ಲಿ ಬರೆದಿಟ್ಟು ಹೋದದ್ದನ್ನೇ ನಾನು ಮಾಡಿದ್ದೆ. ಅವಳು ಬರುವಷ್ಟರಲ್ಲಿ ಮೊಲ ಎದ್ದು ಓಡಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದಷ್ಟೇ ಯೋಚಿಸಿದೆ.

ಸಂಜೆ ಹಾಲು ಕರೆಯುವ ಹೊತ್ತಿಗೂ ಅದು ಅಲ್ಲೇ ಕೂತಿತ್ತು. ಅಪ್ಪ ಗೋಡೆ ಹಿಡಿದುಕೊಂಡು ಬಂದು ಬಗ್ಗಿ ನೋಡಿದ.

"ದನ ಅಲ್ಲ ಕಣವ್ವ ಅದು. ನಿನ್ ತಂಗಿ ಏನೋ ಬರ್ದಿಟ್ಟೋಗವ್ಳೆ, ಅಂಗೆ ಮಾಡು. ಎತ್ಕಂಡೋಗು ಮಂಡ್ಯಕ್ಕೆ."

"ನೀನೇ ಅಲ್ವ ಏಳ್ಕೊಟ್ಟಿದ್ದು, ಒಂದಿನ ಉಪಾಸ ಕೆಡವು ಅಂತ?"

"ದನಕ್ಕೆ ಏಳ್ಕೊಟ್ಟೆ ಕಣವ್ವ. ಮೊಲುಕ್ಕೆ ನನ್ಗೇನು ಗೊತ್ತು?"

ಅಪ್ಪ ಬಾಯಿ ಬಿಟ್ಟು ತನಗೆ ಗೊತ್ತಿಲ್ಲ ಎಂದ. ನನಗೆ ಅದನ್ನು ಹೇಳಲು ಆಗಲಿಲ್ಲ.

ಅವನು ಜಗಲಿಗೆ ಹೋದ ಮೇಲೆ ನಾನು ಮೊಲವನ್ನು ಮಡಿಲಿಗೆ ಎತ್ತಿಕೊಂಡೆ. ಬಗ್ಗಿ ಅದರ ಹೊಟ್ಟೆಗೆ ಕಿವಿಯಿಟ್ಟೆ. ಎದೆ ಬಡಿದುಕೊಳ್ಳುವುದು ಕೇಳಿಸಿತು, ಬಹಳ ಬೇಗ ಬೇಗ. ಹೊಟ್ಟೆಯೊಳಗೆ ಏನೂ ಇಲ್ಲ. ಎಡಕ್ಕೆ ಕೇಳಿದೆ, ಬಲಕ್ಕೆ ಕೇಳಿದೆ. ಬೀಗ ಹಾಕಿದ ಮನೆಯ ಬಾಗಿಲಿಗೆ ಕಿವಿಯಿಟ್ಟ ಹಾಗಿತ್ತು. ಮೆಲುಕು ಹಾಕುವ ಹಸುವಿನ ಹೊಟ್ಟೆ ಸುಮ್ಮನಿರುವುದಿಲ್ಲ. ಸುಮ್ಮನಿರುವ ಹೊಟ್ಟೆಯ ಹಸು ಮೆಲುಕು ಹಾಕುವುದಿಲ್ಲ. ಇಷ್ಟು ವರ್ಷದಲ್ಲಿ ಇವೆರಡೂ ಒಟ್ಟಿಗೆ ಇದ್ದದ್ದನ್ನು ನಾನು ಕಂಡಿರಲಿಲ್ಲ. ಏನೋ ತಪ್ಪಾಗಿದೆ ಎಂದು ನನಗೆ ಗೊತ್ತಾಯಿತು. ಗೊತ್ತಾದ ಮೇಲೂ, ಸಣ್ಣ ಪ್ರಾಣಿ, ಸದ್ದೂ ಸಣ್ಣದಿರಬೇಕು, ನನ್ನ ಕಿವಿಗೆ ಸಿಗುತ್ತಿಲ್ಲ ಎಂದುಕೊಂಡೆ. ಎರಡರಲ್ಲಿ ನನಗೆ ಬೇಕಾದ ಸದ್ದನ್ನು ಇಟ್ಟುಕೊಂಡು ಬೇಡದ್ದನ್ನು ಬಿಟ್ಟೆ.

ಮಂಡ್ಯದ ಕಡೆಗೆ ಇನ್ನೂ ಒಂದು ಬಸ್ಸಿತ್ತು. ಅದು ಊರ ಮುಂದೆ ನಿಂತು ಹಾರ್ನ್ ಹೊಡೆದು ಹೋದದ್ದು ಕೊಟ್ಟಿಗೆಯಲ್ಲಿದ್ದ ನನಗೆ ಕೇಳಿಸಿತು.

ಬೆಳಿಗ್ಗೆ ಎದ್ದು ಮುಟ್ಟಿದಾಗ ಕಿವಿಗಳು ತಣ್ಣಗಿದ್ದವು. ಹಲ್ಲಿನ ಸದ್ದು ನಿಂತಿತ್ತು. ಹಾಲು ಕರೆಯದೆ, ಅಪ್ಪನ ಹಳೆಯ ಪಂಚೆಯಲ್ಲಿ ಸುತ್ತಿ, ಕುಕ್ಕೆಯಲ್ಲಿಟ್ಟುಕೊಂಡು ಕೊಪ್ಪಕ್ಕೆ ಓಡಿದೆ. ದನದ ಆಸ್ಪತ್ರೆಯ ಬಾಗಿಲು ಆಗತಾನೆ ತೆಗೆದಿತ್ತು. ಅಲ್ಲಿನ ಕಾಂಪೌಂಡರು ನನ್ನನ್ನು ಎಷ್ಟೋ ವರ್ಷದಿಂದ ಬಲ್ಲವರು.

"ಏನಮ್ಮೋ, ಡಾಕ್ಟ್ರಮ್ಮನೇ ಆಸ್ಪತ್ರೆಗೆ ಬಂದ್ಬುಟ್ಟವ್ರೆ!" ಎಂದು ನಕ್ಕರು. ಪಂಚೆ ಬಿಡಿಸಿ ನೋಡಿ ನಗು ನಿಲ್ಲಿಸಿದರು. "ನಿಲ್ಬೇಡ. ಇಲ್ಲಿ ದನದ ಔಸ್ದಿ ಬುಟ್ರೆ ಏನಿಲ್ಲ. ಮಂಡ್ಯಕ್ಕೋಗು, ಬೇಗ."

ಬಸ್ಸಿನಲ್ಲಿ ಕುಕ್ಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಕಂಡಕ್ಟರು ಬಗ್ಗಿ ನೋಡಿದ.

"ಕೋಳಿನೇನಮ್ಮ?"

"ಮೊಲ."

"ಸಾರಿಗಾ?"

ಹಿಂದಿನ ಸೀಟಿನಿಂದ ಇನ್ನೊಬ್ಬ, "ಮುದ್ದೆ ಮಾಡ್ಸಿ ಕರೀರಕ್ಕ, ನಾವೂ ಬತ್ತೀವಿ," ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ಬೇರೆ ದಿನವಾಗಿದ್ದರೆ ನಾನೂ ತಿರುಗಿ ಒಂದು ಮಾತು ಬಿಟ್ಟು ನಗುತ್ತಿದ್ದೆ. ಪಂಚೆಯೊಳಗೆ ಕೈಯಿಟ್ಟು ಅದರ ಕಿವಿಗಳನ್ನು ಬೆರಳಲ್ಲಿ ಉಜ್ಜುತ್ತಾ ಕಿಟಕಿಯ ಕಡೆ ನೋಡಿದೆ. ಉಜ್ಜಿದಷ್ಟು ಹೊತ್ತು ಬೆಚ್ಚಗಾಗುತ್ತಿದ್ದವು, ಬಿಟ್ಟರೆ ತಣ್ಣಗಾಗುತ್ತಿದ್ದವು.

ಅಷ್ಟರಲ್ಲಿ ತಂಗಿಯ ಫೋನು. ಎರಡನೆಯ ದಿನದ ಪರೀಕ್ಷೆಗೆ ಒಳಗೆ ಹೋಗುವ ಮೊದಲು.

"ಎಲ್ಲಿದ್ದೀಯಕ್ಕ? ಬಸ್ಸಿನ ಸದ್ದು."

"ಮಂಡ್ಯಕ್ಕೆ ಓಯ್ತಿದ್ದೀನಿ. ಬೂಸ ತರನ ಅಂತ."

ಬೂಸ ಎಂಬ ಮಾತೇ ಯಾಕೆ ಬಾಯಿಗೆ ಬಂತೋ ಗೊತ್ತಿಲ್ಲ.

"ಅದ್ರ ಜೊತೆ ಅಪ್ಪ ಅದಾ?"

"ಊಂ. ಅಪ್ಪನ ಕಾಲ್ಮೇಲೇ ಕೂತದೆ. ನೀನು ಬರಿಯೋಗು ಮಗಾ, ಚೆನ್ನಾಗ್ ಬರಿ."

ನನ್ನ ತೊಡೆಯ ಮೇಲೆ ಕುಕ್ಕೆ ಬಸ್ಸಿನ ಜೊತೆ ಅಲುಗಾಡುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಮುಖವನ್ನು ನೋಡಿ, ಕುಕ್ಕೆಯನ್ನು ನೋಡಿ, ಆ ಕಡೆ ತಿರುಗಿಕೊಂಡಳು.

ಮಂಡ್ಯದ ಡಾಕ್ಟರಮ್ಮ ನನ್ನ ತಂಗಿಯ ವಯಸ್ಸಿನವರು. ಮೊಲವನ್ನು ಮೇಜಿನ ಮೇಲೆ ಮಲಗಿಸಿ ಹೊಟ್ಟೆಗೆ ಸ್ಟೆತಾಸ್ಕೋಪು ಇಟ್ಟರು. ಬಹಳ ಹೊತ್ತು ಕೇಳಿದರು. ಅವರು ಎಡಕ್ಕೆ ಇಟ್ಟು, ಬಲಕ್ಕೆ ಇಟ್ಟು, ಮತ್ತೆ ಎಡಕ್ಕೆ ಬಂದಾಗ ಅವರಿಗೆ ಯಾವ ಸದ್ದು ಕೇಳಿಸುತ್ತಿಲ್ಲ ಎಂದು ನನಗೆ ತಿಳಿದಿತ್ತು.

"ಯಾವಾಗಿಂದ ತಿಂದಿಲ್ಲ?"

"ಬೆಳಗ್ಗಿಂದ."

"ಇವತ್ತು ಬೆಳಗ್ಗಿಂದಾನಾ?"

"ಊಂ."

ಡಾಕ್ಟರಿಗೂ ಸುಳ್ಳು ಹೇಳಿದೆ. ನಮ್ಮೂರಲ್ಲಿ ಹಸು ಸತ್ತ ಮೇಲೆ, ನಿನ್ನೆಯೇ ಯಾಕೆ ಹೇಳಲಿಲ್ಲ ಎಂದು ಎಷ್ಟೋ ಮನೆಯವರ ಮೇಲೆ ರೇಗಿದವಳು ನಾನು.

ಡಾಕ್ಟರಮ್ಮ ಹೊಟ್ಟೆಯನ್ನು ಬೆರಳಿನಿಂದ ಒತ್ತಿ ನೋಡಿದರು, ಜ್ವರ ನೋಡುವ ಕಡ್ಡಿ ಇಟ್ಟು ನೋಡಿದರು. "ಅಮ್ಮ, ನಿಜ ಹೇಳಿ. ಇದು ಇವತ್ತಿಂದಲ್ಲ."

"ನಿನ್ನೆ ಬೆಳಗ್ಗಿಂದ ಮೇಡಂ. ಆದ್ರೆ ಮೆಲುಕು ಹಾಕ್ತಿತ್ತು. ನಿನ್ನೆ ದಿನವೆಲ್ಲಾ ಮೆಲುಕು ಹಾಕ್ತಿತ್ತು."

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಬೈಯಲಿಲ್ಲ. "ಮೊಲ ಮೆಲುಕು ಹಾಕಲ್ಲಮ್ಮ," ಅಂದರು. "ನೋವು ತಡೀಲಾರ್ದೆ ಹಲ್ಲು ಕಡೀತಾ ಇರ್ತದೆ. ಆ ಸದ್ದು ಅದು."

ಆಮೇಲೆ ಅವರು ಹೇಳಿದ್ದೆಲ್ಲಾ ದೂರದಿಂದ ಕೇಳಿಸಿದ ಹಾಗಿತ್ತು. ಇದರ ಕರುಳು ನಡೆಯುತ್ತಲೇ ಇರಬೇಕಂತೆ. ಹಸುವನ್ನು ಒಂದು ದಿನ ಖಾಲಿ ಹೊಟ್ಟೆಯಲ್ಲಿಟ್ಟರೆ ತಡೆದುಕೊಳ್ಳಬಹುದು, ಇದನ್ನು ಇಟ್ಟರೆ ಕರುಳು ನಿಂತೇ ಹೋಗುತ್ತದಂತೆ. ನಿಂತ ಕಡೆ ಗಾಳಿ ತುಂಬುತ್ತದಂತೆ. ವಾಂತಿ ಮಾಡಿ ಹಗುರ ಮಾಡಿಕೊಳ್ಳುವ ಶಕ್ತಿಯೂ ಇದಕ್ಕಿಲ್ಲವಂತೆ. ನಿನ್ನೆ ಸಂಜೆ ತಂದಿದ್ದರೂ ಏನಾದರೂ ಮಾಡಬಹುದಿತ್ತೇನೋ, ಎಂದರು. ನಿನ್ನೆ ಸಂಜೆ ಎಂದಾಗ ನನಗೆ ಆ ಹಾರ್ನ್ ಮತ್ತೆ ಕೇಳಿಸಿತು.

ನೋವಿಗೆ ಒಂದು ಇಂಜೆಕ್ಷನ್ನು ಕೊಟ್ಟರು. ಬೆನ್ನಿನ ಚರ್ಮದಡಿಗೆ ನೀರು ಏರಿಸಿದರು. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕಕ್ಕಿಟ್ಟು, ಮಡಿಲಲ್ಲಿ ಇಟ್ಟುಕೊಂಡು ಕೂತಿರಿ, ನೋಡೋಣ, ಅಂದರು. ಹೊರಗಿನ ಬೆಂಚಿನ ಮೇಲೆ ಕೂತೆ. ಯಾರೋ ನಾಯಿಯನ್ನು ಕರೆತಂದರು, ಕರೆದುಕೊಂಡು ಹೋದರು. ನೋವು ಸ್ವಲ್ಪ ಇಳಿದಿತ್ತೋ ಏನೋ, ಅದು ಗೂನು ಬಿಟ್ಟು ಮೈಚಾಚಿ ನನ್ನ ತೊಡೆಯ ಮೇಲೆ ಮಲಗಿತು. ಮೂಗು ಆಡುತ್ತಿತ್ತು. ಬದುಕುತ್ತದೆ ಅಂದುಕೊಂಡೆ. ಬದುಕಿದರೆ ತಂಗಿಗೆ ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದು ಮನೆದೇವರಿಗೆ ಮಾತು ಕೊಟ್ಟೆ.

ಮಧ್ಯಾಹ್ನ ಹನ್ನೆರಡು ದಾಟಿರಬೇಕು. ಅದು ಒಮ್ಮೆಲೇ ಕಾಲು ಜಾಡಿಸಿ ಕಿರುಚಿತು. ಎಳೆಯ ಮಗು ಬೆಚ್ಚಿಬಿದ್ದು ಕಿರುಚುವ ಹಾಗೆ, ಒಂದೇ ಸಲ. ಮೊಲಕ್ಕೆ ದನಿ ಇದೆ ಎಂದೇ ನನಗೆ ಗೊತ್ತಿರಲಿಲ್ಲ. ಡಾಕ್ಟರಮ್ಮ ಓಡಿ ಬಂದರು. ಅವರು ಬರುವಷ್ಟರಲ್ಲಿ ತಲೆ ನನ್ನ ಮೊಣಕೈಯ ಮೇಲೆ ಬಿದ್ದಿತ್ತು.

ಅದೇ ಕುಕ್ಕೆಯಲ್ಲಿ, ಅದೇ ದಾರಿಯ ಬಸ್ಸಿನಲ್ಲಿ ವಾಪಸ್ಸು ಬಂದೆ. ಅಪ್ಪ ಕುಕ್ಕೆ ನೋಡಿ ಗುದ್ದಲಿ ತೆಗೆದುಕೊಂಡು ಹಿತ್ತಿಲ ನುಗ್ಗೆಮರದ ಹತ್ತಿರ ಹೋದ. ಅವನ ಕೈಲಿ ಆಗುವ ಕೆಲಸವಲ್ಲ ಅದು. ಗುದ್ದಲಿಯನ್ನು ಕಿತ್ತುಕೊಂಡು ನಾನೇ ಅಗೆದೆ.

ಪರೀಕ್ಷೆ ಮುಗಿಸಿ ಅವಳು ಫೋನು ಮಾಡಿದಳು. ಇನ್ನು ಮುಚ್ಚಿಡಲು ಪರೀಕ್ಷೆಯ ನೆಪವೂ ಇರಲಿಲ್ಲ.

"ಮಗಾ, ಮೊಲ ಓಯ್ತು ಕಣೆ," ಅಂದೆ.

"ಯಾವಾಗ?"

"ಮದ್ಯಾನ. ಬೆಳಗ್ಗೆವರ್ಗೂ ಚೆನ್ನಾಗಿತ್ತು. ಇದ್ದಕ್ಕಿದ್ದಂಗೆ ಏನೋ ಆಗೋಯ್ತು. ಮಂಡ್ಯಕ್ಕೆ ಎತ್ಕಂಡೋದೆ, ಉಳೀನಿಲ್ಲ."

ಮಾರನೆಯ ದಿನ ಬಂದಳು. ನುಗ್ಗೆಮರದ ಬುಡದಲ್ಲಿ ಕೂತು, ಮಣ್ಣಿನ ಮೇಲೆ ಅಂಗೈ ಊರಿಕೊಂಡು ಅತ್ತಳು. ಆಮೇಲೆ ಎದ್ದು ನನ್ನನ್ನು ತಬ್ಬಿಕೊಂಡು, "ಹಾಲೂ ಕರೀದೆ ಓಡೋದ್ಯಂತೆ, ಅಪ್ಪ ಹೇಳ್ತು," ಅಂದಳು. ಅಪ್ಪ ಅವಳಿಗೆ ಅಷ್ಟನ್ನು ಮಾತ್ರ ಹೇಳಿದ್ದ. ಅಕ್ಕಪಕ್ಕದ ಹೆಂಗಸರು, "ತಂಗಿ ಪರೀಕ್ಸೆ ಕೆಡ್ಬಾರ್ದು ಅಂತ ಬಾಯೇ ಬುಡ್ನಿಲ್ವಂತೆ. ಅಕ್ಕ ಅಂದ್ರೆ ಇಂಗಿರ್ಬೇಕು," ಎಂದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ದುಃಖಕ್ಕೆ ಎಂದು ಅವರು ತಿಳಿದರು.

ಆ ಸಲ ಅವಳು ಪಾಸಾದಳು. ಮಳವಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಗೆ ಹಾಕಿದರು. ಆರ್ಡರು ಹಿಡಿದುಕೊಂಡು ಮನೆಗೆ ಬಂದವಳು ಮೊದಲು ನನ್ನ ಕಾಲಿಗೆ ಬಿದ್ದಳು. "ಅವತ್ತು ನೀನು ಹೇಳಿದ್ರೆ ನಾನು ಪೇಪರ್ ಬಿಟ್ಟು ಎದ್ದು ಬಂದ್ಬುಡ್ತಿದ್ದೆ ಕಣಕ್ಕ. ಈ ಕೆಲಸ ನಿಂದು," ಅಂದಳು. ನನ್ನ ಬಾಯಿಗೆ ಮೈಸೂರು ಪಾಕು ಇಟ್ಟಳು. ಅದನ್ನು ಹಿತ್ತಿಲಿಗೆ ಹೋಗಿ ಉಗಿದೆ.

ಆ ಸುಳ್ಳಿನ ಜೊತೆಗೇ ಬದುಕಿಬಿಡುತ್ತಿದ್ದೆನೋ ಏನೋ. ಎಷ್ಟೋ ಜನ ಬದುಕುತ್ತಾರೆ. ಆದರೆ ಮಳವಳ್ಳಿಯಲ್ಲಿ ಅವಳು ಮಾಡಿದ ಬಾಡಿಗೆ ಮನೆಗೆ ಅವರೆಕಾಯಿ, ತುಪ್ಪ ತೆಗೆದುಕೊಂಡು ಹೋಗಿದ್ದಾಗ ಒಂದು ಮಾತು ಬಂತು. ಮನೆಯ ಓನರಮ್ಮ ತಮ್ಮ ಬೆಕ್ಕಿನ ಮರಿಯೊಂದನ್ನು ಇಟ್ಟುಕೊಳ್ಳಿ ಎಂದು ಕೊಡಲು ಬಂದರು. ತಂಗಿ ಬೇಡವೆಂದಳು. ಅವರು ಹೋದ ಮೇಲೆ, "ಯಾಕೆ, ಒಂದು ಜೀವ ಜೊತೆಗಿರ್ತಿತ್ತು," ಅಂದೆ.

"ನನ್ನ ಕೈಗೆ ಆಗ್ಬರಲ್ಲ ಅಕ್ಕ. ಮೊಲಕ್ಕೆ ಜಾಗ ಬದಲಾದ್ರೆ, ಹೆದರಿಕೆ ಆದ್ರೆ, ಊಟ ಬಿಟ್ಟು ಸಾಯ್ತವಂತೆ. ಓದ್ದೆ. ನಾನೇ ಎತ್ಕಂಡ್ಬಂದು ಬಿಟ್ಟೋದೆ. ನಾನೇ ಕೊಂದೆ ಅದ್ನ."

ಅವರೆಕಾಯಿ ಬಿಡಿಸುತ್ತಾ, ನೆಲ ನೋಡುತ್ತಾ, ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡು ಸವೆದ ಮಾತಿನ ಹಾಗೆ ಹೇಳಿದಳು. ಅಷ್ಟು ತಿಂಗಳಿಂದ ನನ್ನ ತಪ್ಪನ್ನು ಅವಳು ಹೊತ್ತುಕೊಂಡಿದ್ದಳು.

ಹೇಳಿದೆ. ಬೂಸ ಕೊಟ್ಟದ್ದು, ಹಾಳೆಯನ್ನು ಓದಿಯೂ ಕೊಟ್ಟದ್ದು, ಹುಲ್ಲು ತೆಗೆದದ್ದು, ಹಲ್ಲಿನ ಸದ್ದು, ಅಪ್ಪ ಹೋಗೆಂದರೂ ಹೋಗದೇ ಇದ್ದದ್ದು, ಬಸ್ಸಿನಲ್ಲಿ ಕುಕ್ಕೆ ತೊಡೆಯ ಮೇಲಿದ್ದದ್ದು. ಪರೀಕ್ಷೆಗೋಸ್ಕರ ಅಲ್ಲ ಎಂಬುದನ್ನೂ ಹೇಳಿದೆ. ಅವಳ ಕೈ ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಎಲ್ಲಾ ಮುಗಿದ ಮೇಲೆ ಒಂದೇ ಒಂದು ಕೇಳಿದಳು.

"ಹುಲ್ಲು ತೆಗೆದ ಮೇಲೆ, ಅದು ಹುಡುಕ್ತಾ?"

ಇಲ್ಲಿಯವರೆಗೆ ಬರೆಯದೆ ಬಿಟ್ಟದ್ದು ಇದೊಂದೇ. ಹುಡುಕಿತ್ತು. ಅವತ್ತು ಮಧ್ಯಾಹ್ನ, ನಾನು ಫೋನಿನಲ್ಲಿ ನಗಾಡಿ ಇಟ್ಟ ಮೇಲೆ, ಸಂದಿಯಿಂದ ಮೈ ಎಳೆದುಕೊಂಡು ಬಂದು, ಹುಲ್ಲು ಇದ್ದ ಜಾಗವನ್ನು ಮೂಸಿತ್ತು. ಒಂದು ಕಡ್ಡಿಯೂ ಇರಲಿಲ್ಲ. ನಾನು ಪೊರಕೆ ಹಾಕಿ ಗುಡಿಸಿದ್ದೆ. ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದು, ಮತ್ತೆ ಸಂದಿಗೆ ಹೋಯಿತು. ಚೀಲ ನನ್ನ ಕೈಗೆ ಎಟುಕುವಷ್ಟು ದೂರದಲ್ಲಿತ್ತು. ಹಸಿವು ಹುಟ್ಟಿತು, ಉಪವಾಸ ಕೆಲಸ ಮಾಡುತ್ತಿದೆ, ಇನ್ನೂ ಒಂದು ಹೊತ್ತು ಹೀಗೇ ಇರಲಿ ಎಂದುಕೊಂಡೆ.

"ಊಂ," ಅಂದೆ. "ಒಂದ್ಸಲ ಬಂದು ಮೂಸ್ತು."

ಅವಳು ಎದ್ದು ಒಳಗೆ ಹೋದಳು. ನಲ್ಲಿಯ ನೀರು ಬಹಳ ಹೊತ್ತು ಸುಮ್ಮನೆ ಸುರಿಯಿತು. ಆಮೇಲೆ ಬಂದು ಅವರೆಕಾಳಿನ ಸಾರು ಮಾಡಿದಳು, ಮುದ್ದೆ ಕಟ್ಟಿದಳು, ನನಗೆ ಬಡಿಸಿದಳು. ಬಸ್‌ಸ್ಟ್ಯಾಂಡಿನವರೆಗೆ ಬಂದು ಬಸ್ಸು ಹತ್ತಿಸಿದಳು. ಬೈದಿದ್ದರೆ, ಹೊಡೆದಿದ್ದರೆ, ಮನೆಯಿಂದ ಆಚೆಗೆ ಹೋಗು ಎಂದಿದ್ದರೆ ಅದನ್ನು ಹಿಡಿದುಕೊಂಡು ಬರುತ್ತಿದ್ದೆ. "ಹುಷಾರಾಗಿ ಹೋಗು," ಎಂದಷ್ಟೇ ಹೇಳಿದಳು.

ಈಗಲೂ ದಿನಾ ಸಂಜೆ ಶಾಲೆ ಮುಗಿಸಿ ಫೋನು ಮಾಡುತ್ತಾಳೆ. ಒಂದು ದಿನವೂ ತಪ್ಪಿಸಿಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ, ಊಟ ಮಾತ್ರೆ ಹೊತ್ತಿಗೆ ಸರಿಯಾಗಿ ಆಗಬೇಕು. ಹಿಂದೆ ನಾನು ಆಯಿತು ಅಂದರೆ ಅವಳಿಗೆ ಆಯಿತು. ಬೇರೆ ಮಾತಿಗೆ ಹೋಗುತ್ತಿದ್ದೆವು.

"ಅಪ್ಪ ಊಟ ಮಾಡ್ತಾ?" ಎಂದು ಈಗ ಕೇಳುತ್ತಾಳೆ.

"ಮಾಡ್ತು."

"ಮಾತ್ರೆ?"

"ತಗಂತು."

ಆಮೇಲೆ, ಸ್ವಲ್ಪವೂ ಕೋಪವಿಲ್ಲದ ದನಿಯಲ್ಲಿ, "ಅಪ್ಪನ ಕೈಗೆ ಫೋನು ಕೊಡಕ್ಕ," ಅನ್ನುತ್ತಾಳೆ.

ಕೊಡುತ್ತೇನೆ. "ಮಾಡ್ದೆ ಕಣವ್ವ, ಎಷ್ಟ್ ಸಲ ಕೇಳೀಯೆ," ಎಂದು ಅಪ್ಪ ಗೊಣಗುವುದು ಕೇಳುತ್ತದೆ. ನಾನು ಹಸುಗಳ ಕಡೆ ಹೋಗುತ್ತೇನೆ.